ಕೈ ಕೊಡುವವರು

ಮಾರ್ಚ್ ಕೊನೆಯ ಶನಿವಾರ. ಡುಲೂತ್‌ನಲ್ಲಿ ಇನ್ನೂ
ಸರೋವರದ ಮೇಲೆ ಹಿಮ ಕೂತೇ ಇದೆ, ಎದ್ದುಹೋಗದ ನೆಂಟನಂತೆ.
ವರ್ನ್ ಲಿಂಡ್‌ಕ್ವಿಸ್ಟನ ಟೈರ್ ಅಂಗಡಿಯ ಹಿಂದಿನ ಕೋಣೆಯಲ್ಲಿ
ಹನ್ನೆರಡು ಮಡಚುಕುರ್ಚಿ, ಒಂದು ಹೀಟರ್, ರಬ್ಬರಿನ ವಾಸನೆ,
ಮಾರ್ಲಿಸ್ ತಂದ ಉಪ್ಪುಮೀನು, ಯಾರೂ ಮುಟ್ಟದ್ದು.

ಇಲ್ಲಿ ನಾವು ತಂಡ ಕಟ್ಟುತ್ತೇವೆ. ಮೈದಾನವಿಲ್ಲ, ಚೆಂಡಿಲ್ಲ,
ಬರೀ ಹೆಸರು. ಎಲ್ಲೋ ಬಿಸಿಲಿನ ಊರಲ್ಲಿ
ನಮ್ಮನ್ನು ಕಂಡೇ ಇರದ ಹುಡುಗರು ಓಡಿದ್ದು, ಎಸೆದದ್ದು, ಎಡವಿದ್ದು
ಸೆಪ್ಟೆಂಬರ್ ಮುಗಿಯುವತನಕ ನಮ್ಮ ಲೆಕ್ಕಕ್ಕೆ.
ಇಪ್ಪತ್ತೆರಡು ವರ್ಷದಿಂದ ಒಂದೇ ಜಗಳ:
ಮೊದಲು ಬ್ಯಾಟರೋ, ಪಿಚರೋ?

ಬ್ಯಾಟರ್ ಅಂದರೆ ದಿನಗೂಲಿ, ಅನ್ನುತ್ತಾನೆ ಅಂಚೆಯ ಓಡೆಲ್,
ದಿನಾ ಬರುತ್ತಾನೆ, ಬೀಸುತ್ತಾನೆ,
ಹತ್ತರಲ್ಲಿ ಏಳು ಸಲ ಸೋತರೂ ಅವನಿಗೆ ಶಹಭಾಸ್.
ಪಿಚರ್ ಅಂದರೆ ಐದು ದಿನಕ್ಕೊಮ್ಮೆ ದರ್ಶನ ಕೊಡುವ ದೇವರು,
ಅದೂ ಬಾಗಿಲು ತೆಗೆದರೆ ಉಂಟು.
"ತೆಗೆದಾಗ?" ಮಾರ್ಲಿಸ್ ಕೇಳುತ್ತಾಳೆ,
ಮೀನಿನ ತಟ್ಟೆಯನ್ನು ಅವನತ್ತ ತಳ್ಳುತ್ತ.

ನನ್ನ ಅಪ್ಪ ರೌನೊ ಮಾತಾಡುವುದಿಲ್ಲ.
ಒಂದು ಕಾಲಕ್ಕೆ ಅವನೇ ಪಿಚರ್, ಅದಿರಿನ ಹಡಗುಕಟ್ಟೆಯ ತಂಡಕ್ಕೆ.
ಎಪ್ಪತ್ತೆಂಟರ ಬೇಸಿಗೆ, ಒಂಬತ್ತನೆಯ ಸುತ್ತು,
ಮೊಣಕೈಯೊಳಗೆ ಒದ್ದೆ ದಾರ ಹರಿದಂಥ ಸದ್ದು.
ಅವನಿಗೆ ಮಾತ್ರ ಕೇಳಿಸಿದ್ದು.
ಆಮೇಲೆ ಎಡಗೈಯಲ್ಲಿ ಬಾಚಣಿಗೆ, ಎಡಗೈಯಲ್ಲಿ ಚಮಚ.
ಪ್ರತಿ ವರ್ಷ ಅವನ ಪಟ್ಟಿಯ ಮೊದಲ ಎಂಟು ಹೆಸರೂ ಬ್ಯಾಟರ್‌ಗಳದೇ.
"ಕೈಯನ್ನು ನಂಬಬೇಡ," ಅನ್ನುತ್ತಾನೆ, ಕೇಳಿದರೆ ಮಾತ್ರ,
"ಕೈ ಕೊಡುವುದಕ್ಕೇ ಇರುವುದು ಕೈ."

ನಾನು ಆಸ್ಪತ್ರೆಯ ಮೂರನೇ ಮಹಡಿಯ ಫಿಸಿಯೋಥೆರಪಿಸ್ಟ್.
ದಿನಕ್ಕೆ ಹನ್ನೊಂದು ಮೊಣಕೈ. ಬಡಗಿಯದು, ಪಿಟೀಲಿನವಳದು,
ಹದಿನಾರಕ್ಕೇ ಹೊಲಿಗೆ ಬಿದ್ದ ಹೈಸ್ಕೂಲು ಹುಡುಗರದು:
ಮುಂಗೈಯ ನಾರೊಂದನ್ನು ಕಿತ್ತು ಮೊಣಕೈಗೆ ಹೆಣೆದದ್ದು,
ಅಂಗಿಯ ಜೇಬು ಬಿಚ್ಚಿ ಅಂಗಿಗೇ ತೇಪೆ ಹಾಕಿದ ಹಾಗೆ.
ಮೊದಲ ವಾರ ಒಂದು ಕಾಲುಚೀಲವನ್ನೂ ಹಿಂಡಲಾರರು.
ಹದಿನಾಲ್ಕನೇ ತಿಂಗಳು ಒಬ್ಬ, ಹೆಸರು ಹೇಳಬಾರದು,
ಪಾರ್ಕಿಂಗ್ ಜಾಗದಲ್ಲಿ ನನ್ನತ್ತ ಒಂದು ಕಿತ್ತಳೆ ಎಸೆದ.
ಅಂಗೈ ಇನ್ನೂ ಚುರುಗುಟ್ಟುತ್ತದೆ.

ನನ್ನ ಸರದಿ ನಾಲ್ಕನೆಯದು. ತೊಂಬತ್ತು ಸೆಕೆಂಡು.
ಹಲಗೆಯ ಮೇಲೆ ಇನ್ನೂ ಉಳಿದಿದ್ದ ಯೋಲ್ವಿಸ್ ಕರ್ಬೆಲೊ,
ಮೂವತ್ತೆಂಟು ಹೋಮ್ ರನ್, ಆರು ವರ್ಷದಲ್ಲಿ ಒಂದು ನೆಗಡಿಯೂ ಇಲ್ಲ,
ಬುದ್ಧಿ ಇದ್ದವರು ಕಣ್ಣುಮುಚ್ಚಿ ಬರೆದುಕೊಳ್ಳುವ ಹೆಸರು.
ಅವನ ಕೆಳಗೆ ಡೆಶಾನ್ ಪ್ರುವಿಟ್. ಪಿಚರ್, ಇಪ್ಪತ್ತಾರು,
ಮೊಣಕೈಯಲ್ಲಿ ಒಂದು ಹಳೆಯ ಹೊಲಿಗೆ.
ಎಲ್ಲರ ಕಣ್ಣಿಗೆ ಅದು ಬಿರುಕು.
ನನಗೆ, ಯಾಕೋ,
ಅಷ್ಟು ದಿನ ಯಾರೋ ಅವನೆದುರು ಸ್ಟೂಲಿನ ಮೇಲೆ ಕೂತು
"ಇನ್ನೊಂದು ಸಲ, ಇನ್ನೊಂದೇ ಸಲ" ಅಂದದ್ದು ಕೇಳಿಸಿತು.

ಅಪ್ಪ ನೋಡುತ್ತಿದ್ದ. ನಲವತ್ತು ಸೆಕೆಂಡು. ಇಪ್ಪತ್ತು.
ಇದು ಲೆಕ್ಕವಲ್ಲ, ಗೊತ್ತು.
"ಪ್ರುವಿಟ್," ಅಂದೆ.
ಓಡೆಲ್ ನಕ್ಕ. ವರ್ನ್ ಬರೆಯುವ ಮೊದಲು ಇನ್ನೊಮ್ಮೆ ಕೇಳಿದ.
ಐದನೇ ಸರದಿಯ ಅಪ್ಪ ಗಂಟಲು ಸರಿಮಾಡಿಕೊಂಡು
"ಕರ್ಬೆಲೊ" ಅಂದ, ಮಗಳು ಬಿಟ್ಟ ತುತ್ತನ್ನು
ತನ್ನ ತಟ್ಟೆಗೆ ಎಳೆದುಕೊಂಡ ಹಾಗೆ.

ಹೊರಡುವಾಗ ಅವನ ಕೋಟಿನ ಕತ್ತಿನ ಗುಂಡಿ ನಾನೇ ಹಾಕಿದೆ.
ಅದೊಂದು ಒಂಟಿ ಕೈಗೆ ಕೂರುವುದಿಲ್ಲ.
"ಮೇ ತಿಂಗಳೊಳಗೆ ಹೋಗುತ್ತೆ ಆ ಕೈ," ಅಂದ.
"ಹೋದರೆ ಹೋಗಲಿ," ಅಂದೆ.
ಕಾರಿನ ಗಾಜಿನ ಹಿಮ ಕೆರೆಯುತ್ತ ಇಬ್ಬರೂ ಸುಮ್ಮನಿದ್ದೆವು.
ಆಮೇಲೆ, ಲಿಫ್ಟ್ ಸೇತುವೆಯ ದೀಪ ದಾಟಿದ ಮೇಲೆ, ಕೇಳಿದ:
"ಆ ಹುಡುಗ. ಕಿತ್ತಳೆಯವನು.
ಈಗಲೂ ಎಸೆಯುತ್ತಾನಾ?"